ಮಡಿಲಿಗಿಳಿಯುವ ಕನ್ನಡಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಿಕ್ಷಕರ ತರಬೇತಿ ಕಾಲೇಜಿಗೆ ಅಂಟಿಕೊಂಡ ಪ್ರಾಥಮಿಕ ಶಾಲೆಯ ಬೀಗ ತೆಗೆದು ದೊಡ್ಡಟೀಚರ್ ಮೊದಲು ಒರೆಸುವುದು ಹಿಂದಿನ ಬೆಂಚನ್ನು. ಅದೇ ಅವರ ಸಿಂಹಾಸನ. ಕಲಿಸುವುದನ್ನು ಕಲಿಯಲು ಬಂದ ಹೊಸಬರು ಮುಂದೆ ನಿಂತು ಪಾಠ ಮಾಡಿದರೆ, ಇವರು ಮಕ್ಕಳ ನಡುವೆ ಮೊಣಕಾಲು ಮಡಿಸಿ ಕೂತು ಕೇಳುತ್ತಾರೆ.

ಹೊಸಬರು ತಪ್ಪಿದರೆ ಇವರು ಬಾಯಿ ಬಿಡುವುದಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿ ಇಡುತ್ತಾರೆ, ಅಷ್ಟೇ. ನೀನು ಮಾತಾಡಿದ್ದು ಸಾಕು, ಇನ್ನು ಮಕ್ಕಳನ್ನು ಮಾತಾಡಿಸು ಎಂದು ಅದರ ಅರ್ಥ.

"ನಾನು ಕಲಿಯೋವಾಗ ನಮ್ಮ ಟೀಚರ್ ಇದೇ ಬೆಂಚಲ್ಲಿ ಕೂರೋರು. ಮೊದಲ ದಿನ ನಾನು ಮಕ್ಕಳನ್ನ ಬಿಟ್ಟು ಬೋರ್ಡಿಗೇ ಪಾಠ ಮಾಡಿದೆ. ತಿರುಗಿ ನೋಡ್ತೀನಿ, ಅವರ ಕನ್ನಡಕ ಮಡಿಲಲ್ಲಿ!" ಎಂದು ನಗುತ್ತಾರೆ. ಆಗೆಲ್ಲ ಹೊಸಬರು ವರ್ಷಪೂರ್ತಿ ಇಲ್ಲೇ ಇರುತ್ತಿದ್ದರು. ಯಾವ ಮಗುವಿನ ಹಲ್ಲು ಬಿತ್ತೆಂಬುದೂ ಅವರಿಗೆ ಗೊತ್ತಿರುತ್ತಿತ್ತು. ಆ ದಿನಗಳನ್ನು ನೆನೆದರೆ ದೊಡ್ಡಟೀಚರ್ ದನಿ ಮೆತ್ತಗಾಗುತ್ತದೆ. ಈಗಿನವರು ಮಕ್ಕಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಗಂಟುಮೂಟೆ ಕಟ್ಟುತ್ತಾರೆ.

ಆ ಕೆಲವೇ ದಿನಗಳ ಕಲಿಕೆಗೂ ಈಗ ಕುತ್ತು ಬಂದಿದೆ. ದೇಶದೇಶಗಳ ತರಬೇತಿ ನೀತಿಗಳನ್ನು ಹೋಲಿಸುತ್ತಿರುವ ಸರ್ಕಾರದ ಸಮಿತಿ ಇಂದು ಶಾಲೆಗೆ ಬರುತ್ತಿದೆ. ಒಂದು ದೇಶದಲ್ಲಿ ಹೊಸಬರು ಕಂಪ್ಯೂಟರ್ ಪರದೆಯ ಮುಂದೆ ಕೂತೇ ಶಿಕ್ಷಕರಾಗುತ್ತಾರಂತೆ. ಇನ್ನೊಂದರಲ್ಲಿ ವರ್ಷಗಟ್ಟಲೆ ಹಿರಿಯರ ಪಕ್ಕ ಬಿಟ್ಟು ಕದಲುವಂತಿಲ್ಲವಂತೆ. ಮೊದಲನೆಯದು ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಸಮಿತಿ ಅದನ್ನೇ ಆರಿಸಿದರೆ ಈ ಕೊಠಡಿಗೆ ಬೀಗ.

"ಅವರವರ ಊರಿನ ಕಷ್ಟ ಅವರವರಿಗೆ. ಪರದೆ ಕೆಟ್ಟದ್ದು ಅನ್ನಲ್ಲ. ಆದ್ರೆ ಅದು ಕನ್ನಡಕ ತೆಗೆಯಲ್ಲ ನೋಡಿ," ಎನ್ನುತ್ತಾರೆ.

ಸಮಿತಿ ಬಂದು ಗೋಡೆಗೊರಗಿಸಿದ ಕುರ್ಚಿಗಳಲ್ಲಿ ಕೂರುತ್ತದೆ. ಪಾಠ ಮಾಡಬೇಕಾದ ಹುಡುಗಿ ಅವರನ್ನು ಕಂಡು ಕಂಗಾಲಾಗಿ ಒಂದೇ ಉಸಿರಿಗೆ ಒದರತೊಡಗುತ್ತಾಳೆ. ಮಕ್ಕಳು ತುಟಿಪಿಟಕ್ಕೆನ್ನುವುದಿಲ್ಲ. ದೊಡ್ಡಟೀಚರ್ ಕೈ ಕನ್ನಡಕದತ್ತ ಹೋಗುತ್ತದೆ. ಇವತ್ತು, ಇವರೆಲ್ಲರ ಮುಂದೆ, ತೆಗೆಯಲೋ ಬೇಡವೋ? ಕೈ ಕಿವಿಯ ಹತ್ತಿರವೇ ನಿಲ್ಲುತ್ತದೆ.

ಅಷ್ಟರಲ್ಲಿ ಸಮಿತಿಯ ಅಧ್ಯಕ್ಷೆ, ನರೆಗೂದಲ ಹೆಂಗಸು, ತಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ.

ಹುಡುಗಿ ಅದನ್ನು ಕಂಡು ಮಾತು ನಿಲ್ಲಿಸುತ್ತಾಳೆ. ಮುಂದಿನ ಸಾಲಿನ ಮಗುವಿನ ಕಡೆ ಬಗ್ಗಿ, "ನಿಂಗೇನನ್ಸುತ್ತೆ, ಹೇಳು," ಎನ್ನುತ್ತಾಳೆ. ಕೊಠಡಿಯ ತುಂಬ ಕೈಗಳು ಏಳುತ್ತವೆ.

"ಇಲ್ಲೇ ಕಲಿತೋಳು ನಾನು. ನಿಮ್ಮ ನಂತರದ ತಂಡ. ನಮ್ಮ ಟೀಚರ್ ಕನ್ನಡಕ ಇನ್ನೂ ಕನಸಲ್ಲಿ ಬರುತ್ತೆ," ಎಂದು ಹೊರಡುವಾಗ ಅಧ್ಯಕ್ಷೆ ದೊಡ್ಡಟೀಚರರ ಕೈ ಹಿಡಿಯುತ್ತಾರೆ. ನಿರ್ಧಾರವನ್ನೇನೂ ಹೇಳುವುದಿಲ್ಲ.

ದೊಡ್ಡಟೀಚರ್ ಮತ್ತೆ ಬೆಂಚು ಒರೆಸುತ್ತಾರೆ. "ನನಗಿನ್ನೇನು, ನಿವೃತ್ತಿ ಹತ್ರ ಬಂತು. ಬೆಂಚು ಇರ್ಲಿ. ಅದರಲ್ಲಿ ಕನ್ನಡಕದವರು ಒಬ್ಬರು ಕೂತಿರ್ಲಿ."