ಸೊಸೆಯ ತೋಳಿನ ಕಡ್ಡಿಯೂ ಬರಿಮೈ ಪುಟ್ಟಿಯೂ

ಬೆಳಿಗ್ಗೆ ಬೀರು ಒರೆಸುವಾಗ ಮೊಮ್ಮಗಳು ಪುಟ್ಟಿಯ ಹಳದಿ ಫ್ರಾಕು ಸಿಕ್ಕಿತು. ಬೆಲೆಯ ಚೀಟಿ ಹಾಗೇ ಇದೆ. ಒಂದು ದಿನವೂ ಹಾಕದೆ ಚಿಕ್ಕದಾಗಿಹೋಗಿದೆ. ನೀವೇನು ಮಗುವಿಗೆ ಬಟ್ಟೆ ಹಾಕದ ಜನವೇ ಎಂದು ಕೇಳಬಹುದು. ಹೌದು ಮಾರಾಯ್ರೇ, ಕೆಲವು ತಿಂಗಳು ಹಾಗೇ ಇದ್ದೆವು. ತಪ್ಪು ನನ್ನದು.

ಪುಟ್ಟಿಯ ವಿಷಯ ಎತ್ತಿದರೆ ನನಗೆ ನಿಲ್ಲಿಸಲು ಬರುವುದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಪೂರ್ಣವಿರಾಮ ಎಲ್ಲಿಡಬೇಕೆಂದು ಕಲಿಯಲೇ ಇಲ್ಲ. ಅವಳ ಕೆನ್ನೆಯ ಗುಳಿಗೇ ಎರಡು ಪುಟ ಬೇಕು. ಅದು ಇರಲಿ.

ಸೊಸೆ ಸುಮಾ ಬಾಣಂತನ ಮುಗಿಸಿ ಭದ್ರಾವತಿ ಕಾಗದನಗರದ ತವರಿನಿಂದ ಆಲ್ಕೊಳದ ನಮ್ಮ ಮನೆಗೆ ಬಂದಾಗ ತೋಳಿನ ಚರ್ಮದಡಿ ಬೆಂಕಿಕಡ್ಡಿಯಂಥದ್ದೊಂದು ಕಡ್ಡಿ ಇತ್ತು. ಮೂರು ವರ್ಷ ಇನ್ನೊಂದು ಮಗು ಬೇಡವೆಂದು ಅಲ್ಲಿಯ ಆಸ್ಪತ್ರೆಯಲ್ಲಿ ಹಾಕಿಸಿಕೊಂಡಿದ್ದಳು. ನನಗೂ ಒಪ್ಪಿಗೆಯೇ. ಆದರೆ ಆಮೇಲೆ ಅವಳ ಮುಟ್ಟಿಗೆ ಹಿಡಿತವೇ ಇಲ್ಲ. ಹತ್ತು ದಿನ ಇದ್ದು, ಎರಡು ದಿನ ಬಿಟ್ಟು, ಮತ್ತೆ ಶುರು. ನಮ್ಮಲ್ಲಿ ಮುಟ್ಟಾದವರು ಹೊರಗೆ, ಅಂದರೆ ಮುಂದಿನ ಕೋಣೆಯಲ್ಲಿ ಕೂರಬೇಕು. ಅವರಿಗೆ ತಗುಲಿದ ಬಟ್ಟೆಯೂ ಮೈಲಿಗೆ. ಹಾಲು ಕುಡಿಯುವ ಮಗು ಅಮ್ಮನ ಮಡಿಲಲ್ಲಿ, ನಾನು ಬಾಗಿಲಲ್ಲಿ.

ಬರಿಮೈ ಮಗುವಿಗೆ ಮಾತ್ರ ಮೈಲಿಗೆ ಇಲ್ಲವಲ್ಲ. "ಸುಮಾ, ಬಿಚ್ಚಿ ಕೊಡೇ" ಎನ್ನುತ್ತಿದ್ದೆ. ಅವಳು ಅಂಗಿ, ಟೋಪಿ, ಚಡ್ಡಿ ಎಲ್ಲ ಕಳಚಿ ಚಾಪೆಯ ಮೇಲೆ ಬಿಡುವಳು. ನಾನು ಎತ್ತಿಕೊಳ್ಳುವೆ. ಪುಟ್ಟಿ ನನ್ನ ಮಡಿ ಸೀರೆಯ ಮೇಲೆ ಉಚ್ಚೆ ಹೊಯ್ಯುವಳು. ದಿನಕ್ಕೆ ಆರು ಸೀರೆ.

ಒಂದು ದಿನ ಪುಟ್ಟಿ ಸೀನಿದಳು.

"ಅತ್ತೆ, ಇವಳಿಗೆ ಶೀತ ಆಗ್ತಿದೆ. ಇನ್ಮೇಲೆ ಬಿಚ್ಚಲ್ಲ. ಬೇಕಾದ್ರೆ ಕಡ್ಡೀನೇ ತೆಗೆಸ್ತೀನಿ, ನಡೀರಿ" ಎಂದಳು ಸುಮಾ.

ಮಗುವನ್ನು ಎತ್ತಿಕೊಳ್ಳದೆ ನಾನು ಬದುಕುವುದುಂಟೇ? ಭದ್ರಾವತಿ ಬಸ್ಸು ಹತ್ತಿದೆವು. ಸಿಕ್ಕಿದ ಒಂದೇ ಸೀಟಿನಲ್ಲಿ ಇಬ್ಬರೂ ಒತ್ತಿಕೊಂಡು ಕೂತೆವು. ಅಂಗಿ ಟೋಪಿ ಸಮೇತ ಪುಟ್ಟಿ ನನ್ನ ತೊಡೆಯ ಮೇಲೆ.

ಆಸ್ಪತ್ರೆಯ ಸಿಸ್ಟರ್ ಸುಮಾಳನ್ನು ಕೇಳಿದರು, "ಯಾಕಮ್ಮ ಇಷ್ಟು ಬೇಗ ತೆಗೆಸ್ತೀಯಾ? ತಲೆನೋವಾ? ಮುಟ್ಟು ನಿಲ್ಲದೆ ಸಾಕಾಯ್ತಾ? ಗಂಡಂಗೆ ಇಷ್ಟ ಇಲ್ವಾ? ದಿನಾ ಒಬ್ಬೊಬ್ಬರದು ಒಂದೊಂದು."

"ನಂಗೆ ತಡ್ಕೊಳ್ಳೋಕಾಗುತ್ತೆ ಸಿಸ್ಟರ್. ನಮ್ಮತ್ತೆಗೆ ಮಗು ಮುಟ್ಟೋಕಾಗಲ್ಲ."

ಸಿಸ್ಟರ್ ನನ್ನ ಕಡೆ ತಿರುಗಿದರು. "ಎತ್ಕೊಂಡೇ ಇದ್ದೀರಲ್ಲಮ್ಮ?"

"ಬಸ್ಸಲ್ಲಿ ಮೈಲಿಗೆ ಇಲ್ಲ" ಎಂದೆ.

"ಇದು ಬಸ್ಸಾ?"

"ಆಸ್ಪತ್ರೇಲೂ ಇಲ್ಲ."

"ಮತ್ತೆ ಎಲ್ಲಿಂದ ಶುರು?"

ನಾನು ಪುಟ್ಟಿಯ ಟೋಪಿ ಸರಿಮಾಡಿದೆ. ಸುಮಾ ನೆಲ ನೋಡುತ್ತಾ, "ಆಲ್ಕೊಳ ಸರ್ಕಲ್ ದಾಟಿದ ಮೇಲೆ ಸಿಸ್ಟರ್" ಎಂದಳು.

ಸಿಸ್ಟರ್ ಮೇಜು ಹಿಡಿದುಕೊಂಡು ನಕ್ಕರು. ಸುಮಾ ಸೆರಗು ಕಚ್ಚಿಕೊಂಡಳು. ಮೊದಲು ನನಗೆ ಸಿಟ್ಟು ಬಂತು, ಹಿಂದೆಯೇ ತಡೆಯಲಾರದ ನಗು.

"ಕಡ್ಡಿ ಇರ್ಲಿ ಬಿಡೇ. ತೋಳು ನಿಂದು. ನಿಂಗೆ ಸಾಕು ಅನ್ಸಿದ್ರೆ ಆಗ ಬರೋಣ" ಎಂದೆ.

ಸಿಸ್ಟರ್ ಡಾಕ್ಟರಿಗೆ ತೋರಿಸಿ, ಮಾತ್ರೆ ಕೊಡಿಸಿ ಕಳಿಸಿದರು.

ಸುಮಾ ಇವತ್ತೂ ಹೊರಗೆ. ಅಂದರೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಾಳೆ. ನಾನು ಇದನ್ನು ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ತೋಳಿನ ಮೇಲೆ ಪುಟ್ಟಿ ಸ್ವೆಟರು, ಕಾಲುಚೀಲ ಹಾಕಿಕೊಂಡು ನಿದ್ದೆ ಹೋಗಿದ್ದಾಳೆ. ತೋಳು ಜೋಮು ಹಿಡಿದು ಗಂಟೆಯಾಯಿತು. ಇಳಿಸುವುದಿಲ್ಲ.