ಅತ್ತೆಗೆ ಕೇಳಲೆಂದು ಮಾಡಿದ ಪ್ರಾರ್ಥನೆ

ಶಾಲೆಯ ಸಮವಸ್ತ್ರ ಹೊಲಿಯುವ ನಮ್ಮ ಟೈಲರಮ್ಮನಷ್ಟು ಭಕ್ತಿವಂತೆ ಇಡೀ ಬೀದಿಯಲ್ಲೇ ಇಲ್ಲವೆಂದು ಎಲ್ಲರೂ ನಂಬಿದ್ದರು, ಅವಳ ಪಕ್ಕದಲ್ಲಿ ಕೂತು ಕಾಜಾ ಗುಂಡಿ ಹಾಕುವ ನನ್ನೊಬ್ಬಳನ್ನು ಬಿಟ್ಟು. ದಿನಾ ಬೆಳಿಗ್ಗೆ ಹೊಲಿಗೆ ಮಿಷಿನ್ನಿನ ಹೊದಿಕೆ ತೆಗೆಯುವ ಮೊದಲು ಕಿಟಕಿಯ ಬಳಿ ನಿಂತು, ಕಣ್ಣು ಮುಚ್ಚಿ, ಗಟ್ಟಿಯಾಗಿ ಬೇಡಿಕೊಳ್ಳುತ್ತಿದ್ದಳು.

"ದೇವರೇ, ತೊಳೆದ ಪಾತ್ರೇನೇ ಮತ್ತೆ ತೊಳೆಸೋರಿಗೆ ಒಳ್ಳೆ ಬುದ್ಧಿ ಕೊಡು. ಸೊಸೆ ದುಡಿದು ಸಾಯ್ತಿದ್ರೂ ಕಾಣದ ಕಣ್ಣಿಗೆ ಬೆಳಕು ಕೊಡು."

ಪಕ್ಕದ ಕೋಣೆಯಲ್ಲಿ ಅವಳ ಅತ್ತೆ ಇರುತ್ತಿದ್ದರು. ಎದುರಾಡಿದರೆ ಜಗಳವಾಗುತ್ತದೆ, ದೇವರಿಗೆ ಹೇಳಿದರೆ ಯಾರು ಏನೆಂದಾರು?

ಮೂರು ವರ್ಷದ ಹಿಂದೆ ಅತ್ತೆಯ ಕಿವಿ ಮಂದವಾಯಿತು. ಪ್ರಾರ್ಥನೆಯ ದನಿ ಇನ್ನೂ ಏರಿತು. "ಕಿವುಡು ಯಾರಿಗೆ, ದೇವರಿಗೋ ಅಮ್ಮನಿಗೋ?" ಎಂದು ಅವಳ ಗಂಡ ಕೇಳಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಅವಳು ಎರಡು ದಿನ ಗಂಡನ ಜೊತೆ ಮಾತು ಬಿಟ್ಟಳು, ಪ್ರಾರ್ಥನೆ ಬಿಡಲಿಲ್ಲ.

ಕೊನೆಗೆ ಕಿವಿಗೆ ಮಿಷಿನ್ ಹಾಕಿಸುವುದೆಂದಾಯಿತು. ಹಿಂದಿನ ದಿನ ಅತ್ತೆ ಬಂದು ಸೊಸೆಯ ಹೆಗಲ ಮೇಲೆ ಕೈಯಿಟ್ಟರು.

"ಕಿವಿ ಬಂದ್ಮೇಲೆ ಮೊದಲು ನಿನ್ನ ಪ್ರಾರ್ಥನೆ ಕೇಳ್ಬೇಕಮ್ಮಾ. ಆಗೆಲ್ಲ ನನ್ನನ್ನೇ ಚುಚ್ತಿದ್ದೀಯ ಅಂದ್ಕೊಂಡಿದ್ದೆ. ಕೆಟ್ಟ ಮನಸ್ಸು ನಂದು. ಕಿವಿ ಹೋದ್ಮೇಲೆ ದಿನಾ ನಿನ್ನ ಮುಖ ನೋಡ್ತಿದ್ದೀನಿ. ಕಣ್ಣೀರು ಹಾಕ್ಕೊಂಡು ಬೇಡ್ಕೋತೀಯ. ಅದ್ರಲ್ಲಿ ನಂಗೂ ಒಂದು ಪಾಲು ಇದ್ದೇ ಇರುತ್ತೆ. ತಪ್ಪು ತಿಳ್ಕೊಂಡಿದ್ದೆ, ಮನಸ್ಸಿಗೆ ಹಚ್ಕೋಬೇಡ."

ಅವರು ಹೋದ ಮೇಲೆ ಟೈಲರಮ್ಮ ಒಂದು ಅಂಗಿಯ ತೋಳಿನ ಬಾಯನ್ನೇ ಹೊಲಿದು ಮುಚ್ಚಿಬಿಟ್ಟಳು.

"ಅಕ್ಕಾ, ಆ ಕಣ್ಣೀರು ಸಿಟ್ಟಿಂದು," ಎಂದಳು. "ನಾಳಿದ್ದು ಮುಖ ಎಲ್ಲಿಟ್ಕೊಳ್ಳಲಿ?"

"ನಾಲ್ಕು ಒಳ್ಳೆ ಮಾತು ಬಾಯಿಪಾಠ ಮಾಡ್ಕೊ, ಸಾಕು," ಎಂದೆ. ಹಾಗೆ ಹೇಳಿದ್ದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಮಿಷಿನ್ ಹಾಕಿಸಿದ ಮರುದಿನ ಬೆಳಿಗ್ಗೆ ಅತ್ತೆ ಅದನ್ನು ಕಿವಿಗೆ ಸಿಕ್ಕಿಸಿಕೊಂಡು, ಬಾಗಿಲಲ್ಲಿ ಕುರ್ಚಿ ಎಳೆದು ಕೂತರು. ಟೈಲರಮ್ಮ ಕಣ್ಣು ಮುಚ್ಚಿದಳು. ಬಾಯಿಪಾಠ ಮಾಡಿದ ಒಂದು ಮಾತೂ ಹೊರಡಲಿಲ್ಲ. ಕೊನೆಗೆ ನೆಲ ನೋಡುತ್ತ ಗೊಣಗಿದಳು.

"ದೇವರೇ, ಇಷ್ಟು ವರ್ಷ ನಿನ್ನ ಹೆಸರು ಹೇಳ್ಕೊಂಡು ಅತ್ತೇನ ಚುಚ್ಚಿದ್ದೀನಿ. ನಿನ್ನ ಹತ್ರ ಒಂದಿನಾನೂ ಮಾತಾಡಿಲ್ಲ."

ಅತ್ತೆ ಮಿಷಿನ್ನನ್ನು ಒತ್ತಿ ನೋಡಿಕೊಂಡರು. "ಏನಂದೆ? ಬೀದಿಗೆಲ್ಲ ಕೇಳೋ ಹಾಗೆ ಹೇಳ್ತಿದ್ದೋಳು, ಇವತ್ತೇನು ಪಿಸುಪಿಸು?"

ಟೈಲರಮ್ಮ ಕುರ್ಚಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅತ್ತೆಯ ಕಿವಿಯ ಹತ್ತಿರ ಬಾಯಿಟ್ಟು, ಅದೇ ಮಾತನ್ನು ಒಂದಕ್ಷರ ಬಿಡದೆ ಮತ್ತೆ ಹೇಳಿದಳು. ನಾನು ಕೈಯಲ್ಲಿದ್ದ ಗುಂಡಿಯಿಂದ ಕಣ್ಣೆತ್ತಲಿಲ್ಲ.

ಅತ್ತೆ ಕಿವಿಯಿಂದ ಮಿಷಿನ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು.

"ಈಗ ನಂಗೇನೂ ಕೇಳ್ಸಲ್ಲ," ಎಂದರು. "ಹೋಗು, ಆ ದೇವರ ಹತ್ರ ಮಾತಾಡು."

ಅವಳು ಕಿಟಕಿಯ ಬಳಿ ತುಂಬ ಹೊತ್ತು ನಿಂತಿದ್ದಳು. ಮೂರು ಮೊಳ ದೂರದಲ್ಲಿದ್ದ ನನಗೂ ಒಂದು ಮಾತೂ ಕೇಳಿಸಲಿಲ್ಲ.