ಖಂಡೇಪೂಜೆಯ ಬಂದೂಕು

ಚೀನಾ ಯುದ್ಧ ಮುಗಿದ ಮೇಲೆ ಸಿಂದಗಿಯ ನಮ್ಮ ಹೈಸ್ಕೂಲಿಗೂ ಕೆಡೆಟ್ ಕವಾಯತು ಬಂತು. ವಿಜ್ಞಾನದ ಮಾಸ್ತರನೆಂದು ಅದನ್ನೂ ನನ್ನ ಕೊರಳಿಗೇ ಕಟ್ಟಿದರು. ರೈಫಲು ಮುಟ್ಟುವ ಮೊದಲು ಹುಡುಗರಿಂದ ಬಾಯಿಪಾಠ ಮಾಡಿಸುತ್ತಿದ್ದೆ: ಖಾಲಿ ಐತಿ ಎಂದು ಯಾರು ಹೇಳಿದರೂ ನಂಬಬೇಡ, ಬಿಚ್ಚಿ ನೋಡು, ನಳಿಗೆಯ ಮುಂದೆ ಯಾರೂ ಇರಬಾರದು. ಆಮೇಲೆ ಹಲಗೆಯ ಮೇಲೆ ಲೆಕ್ಕ. ಗುಂಡಿನ ತೂಕ ಎರಡರಷ್ಟಾದರೆ ಶಕ್ತಿ ಎರಡರಷ್ಟು, ವೇಗ ಎರಡರಷ್ಟಾದರೆ ನಾಲ್ಕರಷ್ಟು. "ಗುಂಡು ಸಣ್ಣದಂತ ಸಸಾರ ಮಾಡಬ್ಯಾಡ್ರಿ" ಎನ್ನುತ್ತಿದ್ದೆ. ಆಲಮೇಲದ ಕಡೆಯ ಗೌಡರೊಬ್ಬರ ಮೊಮ್ಮಗ ಇದನ್ನು ಎಲ್ಲರಿಗಿಂತ ಮೊದಲು ತಿಳಿದುಕೊಂಡ. ಅವನೆಂದರೆ ನನಗೆ ಹೆಮ್ಮೆ.

ಮಹಾನವಮಿಗೆ ಅವನು ನನ್ನನ್ನು ಮನೆಗೆ ಊಟಕ್ಕೆ ಕರೆದ. ಕರೆದದ್ದು ಹೋಳಿಗೆ ಉಣ್ಣಿಸಲಿಕ್ಕಲ್ಲ ಎಂಬುದು ಹೋದ ಮೇಲೆ ತಿಳಿಯಿತು. ಪಡಸಾಲೆಯಲ್ಲಿ ಆಯುಧಗಳನ್ನು ಖಂಡೇಪೂಜೆಗೆ ಇಟ್ಟಿದ್ದರು. ಕುಡುಗೋಲು, ಕೊಡಲಿಗಳ ನಡುವೆ, ಕಬ್ಬಿಗೆ ಬೀಳುವ ಹಂದಿ ಹೊಡೆಯುವ ಜೋಡುನಳಿಗೆ ಬಂದೂಕು ಚೆಂಡುಹೂವು ಮುಡಿದು ಮಲಗಿತ್ತು. ನಳಿಗೆ ನಮಸ್ಕಾರ ಮಾಡುವವರ ಕಡೆಗೇ ಇತ್ತು.

"ಒಳಗ ಕಾಡತೂಸು ಐತ್ರಿ ಸರ" ಎಂದ ಹುಡುಗ ಮೆಲ್ಲಗೆ. "ನಾ ಹೇಳಿದ್ರ ಅಜ್ಜ ಕೇಳವಲ್ಲ. ನೀವರ ಹೇಳ್ರಿ."

ಹಿತ್ತಲ ಗಿಡ ಮದ್ದಲ್ಲ. ಹೊರಗಿನವನ ಮಾತಾದರೂ ನಾಟೀತೆಂದು, ಕಾಡತೂಸು ತೆಗೆಸಿರಿ ಎಂದು ಗೌಡರಿಗೆ ಹೇಳಿದೆ. ಗೌಡರು ನಕ್ಕರು. "ಬರೇ ಕೊಡಕ್ಕ ಯಾರರ ಪೂಜಿ ಮಾಡ್ತಾರೇನ್ರಿ ಮಾಸ್ತರ? ತುಂಬಿದ್ದಕ್ಕ ಪೂಜಿ."

"ಹಂಗಾದ್ರ ನಳಿಗಿ ಗ್ವಾಡಿ ಕಡೆ ತಿರುಗಸ್ರಿ."

"ದೇವರ ಮಾರಿ ಗ್ವಾಡಿಗೆ ಮಾಡೂದೇನ್ರಿ? ನಮ್ಮಪ್ಪನ ಕಾಲದಿಂದ ಹಿಂಗ ಐತಿ. ಒಮ್ಮೆರ ಹಾರೈತೇನು?"

ಸಿಟ್ಟು ಬಂತು. ನಾನೇ ಬಿಚ್ಚೋಣವೆಂದರೆ ಅವರ ಮನೆ, ಅವರ ದೇವರು, ಮುಗಿದ ಪೂಜೆ. ಕೈಕಟ್ಟಿ ನಿಂತೆ.

ಮನೆಯವರೆಲ್ಲ ಒಬ್ಬೊಬ್ಬರಾಗಿ ಬಗ್ಗಿ ನಮಸ್ಕರಿಸಿದರು. ಹುಡುಗ ಮಾತ್ರ ಪಕ್ಕಕ್ಕೆ ಸರಿದು, ಹಿಡಿಕೆಯ ಕಡೆಯಿಂದ ಕೈಮುಗಿದ. ಗೌಡರು ಅವನ ಕುತ್ತಿಗೆ ಹಿಡಿದು ತಂದು ನಳಿಗೆಯ ಮುಂದೆಯೇ ಬಗ್ಗಿಸಿದರು. ಬಗ್ಗಿದವನು ನನ್ನನ್ನೇ ನೋಡುತ್ತಿದ್ದ. ನಾನು ಕಣ್ಣು ತಪ್ಪಿಸಿ ಚೆಂಡುಹೂವಿನ ಕಡೆ ನೋಡಿದೆ.

ಏನೂ ಆಗಲಿಲ್ಲ. "ನೋಡಿದ್ರ್ಯಾ ಮಾಸ್ತರ?" ಎಂದು ಗೌಡರು ಪ್ರೀತಿಯಿಂದಲೇ ನನ್ನ ಹೆಗಲು ತಟ್ಟಿ ಊಟಕ್ಕೆ ಕರೆದೊಯ್ದರು.

ಸಂಜೆ ಬಸ್ಸಿಗೆ ಕಳಿಸಲು ಹುಡುಗ ಜೊತೆಗೆ ಬಂದ. ಅವನ ಮುಖ ಹಗುರಾಗಿತ್ತು.

"ಸುಮ್ಮನ ಅಂಜಿದ್ನಿ ಸರ" ಎಂದು ನಕ್ಕ. "ಅಜ್ಜ ಹೇಳಿದ್ದು ಖರೇ ಐತಿ. ಏನೂ ಆಗೂದಿಲ್ಲ."

ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.